ಅಕ್ಷಿಪಟಲ ಅಪಧಮನಿ ತಡೆ ಮತ್ತು ರಕ್ತ ಹೆಪ್ಪುಗಟ್ಟುವ ದೋಷಗಳು

ಅಕ್ಷಿಪಟಲ ಅಪಧಮನಿ ತಡೆ ಎಂಬುದು ಕಣ್ಣಿನ ರೆಟಿನಾಕ್ಕೆ ರಕ್ತವನ್ನು ಒಯ್ಯುವ ಅಪಧಮನಿಯು ಮುಚ್ಚಿಕೊಂಡು, ನೋವಿಲ್ಲದೆ ದೃಷ್ಟಿಯು ಥಟ್ಟನೆ ನಷ್ಟವಾಗುವ ತುರ್ತು ಸ್ಥಿತಿ. ಇದನ್ನು ಕಣ್ಣಿನ ಪಾರ್ಶ್ವವಾಯು ಎನ್ನಬಹುದು. ಹೃದಯದಿಂದ ಬಂದ ಹೆಪ್ಪಿನಿಂದ ಹೀಗಾದುದನ್ನು 1859ರಲ್ಲಿ ಜರ್ಮನಿಯ ನೇತ್ರವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರೇಫೆ ವಿವರಿಸಿದರು.

ಕಾರಣಗಳು

ಹಿರಿಯರಲ್ಲಿ ಕತ್ತಿನ ರಕ್ತನಾಳದ ಕೊಬ್ಬಿನ ಚೂರು ಅಥವಾ ಹೃದಯದ ಹೆಪ್ಪು ಸಾಮಾನ್ಯ ಕಾರಣ. ಕಿರಿಯರಲ್ಲಿ ಇಂತಹ ಕಾರಣ ಕಾಣದಿದ್ದರೆ ರಕ್ತದ ದೋಷವನ್ನು ಹುಡುಕಬೇಕಾಗುತ್ತದೆ. ಅವುಗಳಲ್ಲಿ ಮುಖ್ಯವಾದುದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಮರುಕಳಿಸುವ ಗರ್ಭಪಾತ, ಕಾಲಿನ ಅಭಿಧಮನಿಯಲ್ಲಿ ಹೆಪ್ಪು ಇದರ ಸುಳಿವುಗಳು. ಹೋಮೋಸಿಸ್ಟೀನ್ ಹೆಚ್ಚಳಕ್ಕೆ ಬಿ12 ಜೀವಸತ್ವದ ಕೊರತೆಯೂ ಕಾರಣವಾಗಬಲ್ಲದು. ಪ್ರೋಟೀನ್ ಸಿ ಮತ್ತು ಎಸ್ ಕೊರತೆಗಳು ಹೆಚ್ಚಾಗಿ ಅಭಿಧಮನಿಗಳನ್ನೇ ಬಾಧಿಸುತ್ತವೆ.

ನಿರ್ವಹಣೆ

ರಕ್ತ ನಿಂತ ಸುಮಾರು 4 ಗಂಟೆಗಳಲ್ಲಿ ರೆಟಿನಾಕ್ಕೆ ಸರಿಪಡಿಸಲಾಗದ ಹಾನಿಯಾಗುತ್ತದೆಂದು ಸೋಹನ್ ಸಿಂಗ್ ಹೈರೆ ಅವರು ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿವೆ. ಕಣ್ಣನ್ನು ಒತ್ತುವುದು, ಕಣ್ಣಿನೊಳಗಿನ ಒತ್ತಡ ಇಳಿಸುವುದು ರೂಢಿಯಲ್ಲಿದ್ದರೂ ಫಲ ಖಚಿತವಿಲ್ಲ. ಹೆಪ್ಪು ಕರಗಿಸುವ ಔಷಧವನ್ನು ಅಪಧಮನಿಯೊಳಗೇ ನೀಡಿದ ಯುರೋಪಿನ ಈಗಲ್ ಅಧ್ಯಯನದಲ್ಲಿ (2010) ದೃಷ್ಟಿಗೆ ಹೆಚ್ಚಿನ ಲಾಭ ಕಾಣಲಿಲ್ಲ, ಅಡ್ಡಪರಿಣಾಮಗಳು ಹೆಚ್ಚಿದವು. ವಾರ್ಫರಿನ್ ಸೇವಿಸುತ್ತಿರುವವರಿಗೆ ಇಂತಹ ಔಷಧದಿಂದ ರಕ್ತಸ್ರಾವದ ಅಪಾಯವೂ ಇದೆ.

ಆದ್ದರಿಂದ ಕಳೆದ ದೃಷ್ಟಿಗಿಂತ, ಮುಂದಿನ ಮೆದುಳಿನ ಆಘಾತವನ್ನು ತಡೆಯುವುದೇ ಚಿಕಿತ್ಸೆಯ ಮುಖ್ಯ ಗುರಿ. ಮೆದುಳಿನ ಸ್ಕ್ಯಾನ್, ಕತ್ತಿನ ರಕ್ತನಾಳದ ಪರೀಕ್ಷೆ ಮತ್ತು ಹೃದಯದ ಎಕೋ ಅಂದೇ ಆಗಬೇಕು. 50 ದಾಟಿದವರಲ್ಲಿ ಅಪಧಮನಿಯ ಉರಿಯೂತವಿದೆಯೇ ಎಂದು ಇಎಸ್‌ಆರ್ ಪರೀಕ್ಷೆಯನ್ನೂ ಮಾಡಬೇಕು. ಆಂಟಿಫಾಸ್ಫೋಲಿಪಿಡ್ ಪರೀಕ್ಷೆಯನ್ನು 12 ವಾರಗಳ ನಂತರ ಪುನಃ ಮಾಡಿ ದೃಢಪಡಿಸಿಕೊಳ್ಳಲಾಗುತ್ತದೆ. ವಾರ್ಫರಿನ್ ಆರಂಭವಾದ ಮೇಲೆ ಮಾಡಿದ ಪ್ರೋಟೀನ್ ಸಿ, ಎಸ್ ಪರೀಕ್ಷೆಗಳು ದಾರಿ ತಪ್ಪಿಸುತ್ತವೆ.

ಮಧುಗಿರಿ ಉಪವಿಭಾಗದಲ್ಲಿ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳ ಈ ಉಪವಿಭಾಗದಲ್ಲಿ ದೂರವೇ ದೊಡ್ಡ ತೊಡಕು. ಪಾವಗಡದಿಂದ ಜಿಲ್ಲಾಕೇಂದ್ರ ತುಮಕೂರಿಗೆ ಸುಮಾರು 100 ಕಿ.ಮೀ. ಪಾವಗಡದಲ್ಲಿ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದೆ. ಕಣ್ಣಿನ ಒಳಭಾಗವನ್ನು ನೋಡಿದರೆ ರೋಗ ಗುರುತಾಗುತ್ತದೆಯಾದರೂ, ಮುಂದಿನ ಪರೀಕ್ಷೆಗಳಿಗೆ ಸ್ಕ್ಯಾನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಯೇ ಬೇಕು. ನೋವಿಲ್ಲವೆಂದು ಇದನ್ನು ಪೊರೆಯೆಂದು ಬಗೆದು ಬೆಳಗಿನವರೆಗೆ ಕಾಯುವುದು ಹಾನಿಕರ. ಪೊರೆಯು ನಿಮಿಷಗಳಲ್ಲಿ ದೃಷ್ಟಿಯನ್ನು ಕಸಿಯುವುದಿಲ್ಲ.

ದೃಢಪಟ್ಟ ಆಂಟಿಫಾಸ್ಫೋಲಿಪಿಡ್ ರೋಗಿಗಳಿಗೆ ವಾರ್ಫರಿನ್ ನೀಡಿ, ಐಎನ್‌ಆರ್ ಪ್ರಮಾಣವನ್ನು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಿಸಲಾಗುತ್ತದೆ. ಗರ್ಭಿಣಿಯರಿಗೆ ಬದಲಾಗಿ ಹೆಪಾರಿನ್ ಕೊಡುತ್ತಾರೆ. ಸೊಪ್ಪಿನಲ್ಲಿರುವ ಕೆ ಜೀವಸತ್ವವು ವಾರ್ಫರಿನ್ ಪರಿಣಾಮವನ್ನು ತಗ್ಗಿಸುತ್ತದೆ; ರಾಗಿಮುದ್ದೆ, ಸೊಪ್ಪಿನ ಸಾರು ಉಣ್ಣುವ ಈ ಸೀಮೆಯವರು ಸೊಪ್ಪು ಬಿಡಬೇಕಾಗಿಲ್ಲ, ವಾರವಾರಕ್ಕೂ ಪ್ರಮಾಣ ಏರುಪೇರಾಗದಿದ್ದರೆ ಸಾಕು.