ಗುರಿಯ ಮೇಲೆ ತೇಲುವ ಉಂಗುರ

ಬಂದೂಕು ಹಿಡಿದವರಿಗೆ ಒಂದು ಹಳೆಯ ತಾಪತ್ರಯವಿದೆ. ಕಣ್ಣಿನ ಹತ್ತಿರದ ಸೀಳು, ನಳಿಕೆಯ ತುದಿಯ ಮೊಳೆ, ದೂರದ ಗುರಿ - ಮೂರೂ ಒಂದೇ ಗೆರೆಗೆ ಬರಬೇಕು. ಆದರೆ ನಮ್ಮ ಕಣ್ಣು ಒಮ್ಮೆಗೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಡಬ್ಲಿನ್ನಿನಲ್ಲಿ ದೂರದರ್ಶಕ ಮಾಡುತ್ತಿದ್ದ ಹೊವಾರ್ಡ್ ಗ್ರಬ್ 1900ರಲ್ಲಿ ಇದಕ್ಕೊಂದು ಉಪಾಯ ಹುಡುಕಿ ಪೇಟೆಂಟ್ ಪಡೆದ. ಗಾಜಿನಲ್ಲಿ ಪ್ರತಿಫಲಿಸುವ ಗುರುತು ಬಹುದೂರದಲ್ಲಿದ್ದಂತೆ ಕಾಣಬೇಕು, ಅಷ್ಟೇ. ಆಗ ಗುರಿಯನ್ನು ನೋಡಿದರೆ ಗುರುತೂ ಕಂಡಂತೆ!

ಹೊಲೊಗ್ರಾಫಿಕ್ ಸೈಟ್ ಇದರ ಮುಂದಿನ ತಲೆಮಾರು. ನನಗೆ ಸೋಜಿಗವೆನಿಸಿದ್ದು ಅದು ಸಾಗಿ ಬಂದ ದಾರಿ. ಡೆನ್ನಿಸ್ ಗೇಬರ್ 1947ರಲ್ಲಿ ಹೊಲೊಗ್ರಫಿಯನ್ನು ಯೋಚಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಸುಧಾರಿಸಲು. 1960ರಲ್ಲಿ ಲೇಸರ್ ಬಂತು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಮ್ಮೆಟ್ ಲೀತ್ ಮತ್ತು ಯೂರಿಸ್ ಉಪಾಟ್ನಿಕ್ಸ್ 1964ರಲ್ಲಿ ಲೇಸರಿನಿಂದ ಒಂದು ಆಟಿಕೆ ರೈಲಿನ ಮೂರು ಆಯಾಮದ ಹೊಲೊಗ್ರಾಂ ತೋರಿಸಿದರು. ಲೀತ್ ಈ ದಾರಿಗೆ ಬಂದದ್ದು ಸೇನೆಯ ರೇಡಾರ್ ಸಂಶೋಧನೆಯಿಂದ. ಕೊನೆಗೆ ವಿದ್ಯೆ ಮರಳಿದ್ದೂ ಸೇನೆಗೇ! ಅದೇ ಪ್ರಯೋಗಾಲಯದಿಂದ ಬೆಳೆದ ಎರಿಮ್ ಸಂಸ್ಥೆಯ ಅಂಗವಾದ ಇಯೊಟೆಕ್ ಕಟ್ಟಿದ ಸೈಟ್ 1996ರಲ್ಲಿ ಬುಷ್‌ನೆಲ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಇದರ ಕಿಟಕಿಯ ಗಾಜಿನೊಳಗೆ ಒಂದು ಉಂಗುರದ ಹೊಲೊಗ್ರಾಂ ಇರುತ್ತದೆ. ಲೇಸರ್ ಬಿದ್ದರೆ ಉಂಗುರ ದೂರದ ಗುರಿಯ ಮೇಲೆ ತೇಲಿದಂತೆ ಕಾಣುತ್ತದೆ. ಹೊಲೊಗ್ರಾಮಿನ ಪ್ರತಿ ತುಣುಕಿನಲ್ಲೂ ಪೂರ್ತಿ ಚಿತ್ರ ಅಡಗಿರುವುದರಿಂದ ಕಿಟಕಿ ಅರ್ಧ ಒಡೆದರೂ ಉಂಗುರ ಹಾಗೇ ಉಳಿಯುತ್ತದೆ.

ವಿನ್ಯಾಸಕಾರರ ನಿಜವಾದ ಶತ್ರು ಬೇರೆ: ಬಿಸಿ, ಚಳಿ. ತಾಪ ಬದಲಾದರೆ ಲೇಸರ್ ಡಯೋಡಿನ ತರಂಗಾಂತರ ಬದಲಾಗುತ್ತದೆ, ಹೊಲೊಗ್ರಾಮಿನಲ್ಲಿ ಬೆಳಕು ಬಾಗುವ ಕೋನವೂ ಬದಲಾಗುತ್ತದೆ. ಸೀಡಿಯ ಮೇಲೆ ಬಣ್ಣಗಳು ಬೇರೆ ಬೇರೆ ಕಡೆಗೆ ಚದುರುತ್ತವಲ್ಲ, ಹಾಗೆ. ಇದಕ್ಕೆ ಮದ್ದು ಸೊಗಸಾಗಿದೆ. ದಾರಿಯಲ್ಲಿ ಸೂಕ್ಷ್ಮ ಗೆರೆಗಳ ಇನ್ನೊಂದು ಫಲಕವಿಟ್ಟು ಬೆಳಕನ್ನು ಮೊದಲೇ ವಿರುದ್ಧ ದಿಕ್ಕಿಗೆ ಬಾಗಿಸಿದರೆ ಒಂದರ ತಪ್ಪು ಇನ್ನೊಂದನ್ನು ಅಳಿಸುತ್ತದೆ.

ಆದರೆ ಕನ್ನಡಿ ಹಿಡಿದಿರುವ ಚೌಕಟ್ಟೂ ಹಿಗ್ಗುತ್ತದೆ, ಕುಗ್ಗುತ್ತದೆ. ಕನ್ನಡಿ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗ ವಾಲಿದರೆ ಕಿರಣ ಅದರ ಎರಡರಷ್ಟು ತಿರುಗುತ್ತದೆ. ನೂರು ಮೀಟರ್ ದೂರದಲ್ಲಿ ಅದು ಸುಮಾರು 6 ಸೆಂಟಿಮೀಟರ್!

2015ರಲ್ಲಿ ಅಮೆರಿಕ ಸರ್ಕಾರ ಇದೇ ಇಯೊಟೆಕ್ ಮೇಲೆ ದಾವೆ ಹೂಡಿತು. ತಾಪ ಬದಲಾದರೆ ಗುರಿ ಸರಿಯುವುದು ಗೊತ್ತಿದ್ದೂ ಸೇನೆಗೆ ಮಾರಿದರು ಎಂಬುದು ಆರೋಪ. ಆಗ ಅದರ ಒಡೆತನ ಹೊಂದಿದ್ದ ಎಲ್-3 ಕಂಪನಿ 2.56 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಸೈನಿಕ ಆ ಉಂಗುರವನ್ನು ನಂಬಿಯೇ ಬಿಲ್ಲೆ ಒತ್ತುತ್ತಾನೆ. ಅದು ಸರಿದದ್ದು ಅವನಿಗೆ ಕಾಣುವುದೇ ಇಲ್ಲ. ಕಾಣಬೇಕಾದದ್ದು ಕಟ್ಟಿದವರಿಗೆ, ಹೇಳಬೇಕಾದವರೂ ಅವರೇ. ನೀವೇನಂತೀರಿ?