ರಾತ್ರಿ ಪಾಳಿಯಲ್ಲಿ ಎಚ್ಚರವಿದ್ದವರು ಎಷ್ಟು ಜನ?

ರಾತ್ರಿ ಹನ್ನೊಂದಕ್ಕೆ ರೋಗಿಯನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ದವರಿಗೆ ಗೊತ್ತು: ಬೆಳಿಗ್ಗೆ ಗಿಜಿಗುಡುತ್ತಿದ್ದ ಜಾಗದಲ್ಲಿ ಆಗ ಸಿಗುವವರು ಒಬ್ಬಿಬ್ಬರು. ಇದು ನಮ್ಮ ಕಡೆಯ ಪಾಡು ಮಾತ್ರ ಎಂದುಕೊಂಡಿದ್ದೆವು. ಹಾಗಲ್ಲ. ಅಮೆರಿಕದಲ್ಲಿ ಇಂಥದೊಂದು ರಾತ್ರಿಯಿಂದಾಗಿ ನಿಯಮವೇ ಬದಲಾಯಿತು.

1984ರ ಮಾರ್ಚ್ 4. ನ್ಯೂಯಾರ್ಕಿನ 18 ವರ್ಷದ ವಿದ್ಯಾರ್ಥಿನಿ ಲಿಬ್ಬಿ ಜಯಾನ್‌ಗೆ ಜ್ವರ, ಮೈ ನಡುಕ. ರಾತ್ರಿ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮನೆಯ ವೈದ್ಯರು ಫೋನಿನಲ್ಲಿ ಮಾತಾಡಿದರೇ ಹೊರತು ಬರಲಿಲ್ಲ. ನೋಡಿಕೊಂಡವರು ತರಬೇತಿಯಲ್ಲಿದ್ದ ಇಬ್ಬರು ಕಿರಿಯ ವೈದ್ಯರು. ಒಬ್ಬರ ಮೇಲಂತೂ ಸುಮಾರು 40 ರೋಗಿಗಳ ಹೊಣೆ.

ನಡುಕ ನಿಲ್ಲಲೆಂದು ಪೆಥಿಡಿನ್ ಚುಚ್ಚಿದರು. ಆಕೆ ಖಿನ್ನತೆಗೆ ಫೆನೆಲ್ಜಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಇವೆರಡು ಕೂಡಿದರೆ ಜೀವಕ್ಕೇ ಅಪಾಯ. ಹುಡುಗಿ ಒದ್ದಾಡತೊಡಗಿದಳು. ನರ್ಸ್ ಫೋನ್ ಮಾಡಿದಾಗ ಕೈಕಾಲು ಕಟ್ಟಲು ಸೂಚನೆ ಬಂತು. ಬೆಳಗಿನ ಜಾವ ಜ್ವರ ವಿಪರೀತ ಏರಿತು, ಹೃದಯ ನಿಂತಿತು.

ತಂದೆ ಸಿಡ್ನಿ ಜಯಾನ್ ಪತ್ರಕರ್ತ, ವಕೀಲರೂ ಹೌದು. ಅವರು ಸುಮ್ಮನಿರಲಿಲ್ಲ. ತನಿಖೆ ನಡೆಸಿದ ಗ್ರ್ಯಾಂಡ್ ಜ್ಯೂರಿ 1986ರಲ್ಲಿ ವೈದ್ಯರ ಮೇಲೆ ಕೊಲೆಯ ಆರೋಪ ಹೊರಿಸಲಿಲ್ಲ. ಕಿರಿಯರನ್ನು ವಿಪರೀತ ದುಡಿಸಿ, ಜೊತೆಗೆ ಹಿರಿಯರನ್ನು ಇಡದ ವ್ಯವಸ್ಥೆಯತ್ತ ಬೆರಳು ತೋರಿಸಿತು. ಸಾವಿನ ಹೊಣೆ ಯಾರದೆಂಬ ವಾದ 1995ರವರೆಗೂ ಕೋರ್ಟಿನಲ್ಲಿತ್ತು.

ಅಷ್ಟರಲ್ಲಿ, 1989ರಲ್ಲೇ ನ್ಯೂಯಾರ್ಕ್ ರಾಜ್ಯ ನಿಯಮ ತಂದಿತ್ತು: ತರಬೇತಿ ವೈದ್ಯರಿಗೆ ವಾರಕ್ಕೆ 80 ಗಂಟೆ, ಒಂದೇ ಸಮನೆ 24 ಗಂಟೆ ಮೀರಬಾರದು. 2003ರಲ್ಲಿ 80 ಗಂಟೆಯ ಮಿತಿ ದೇಶಕ್ಕೆಲ್ಲ ಬಂತು. ಜೊತೆಗೆ ಹೊಸ ತೊಡಕೂ ಕಾಣಿಸಿತು. ಪಾಳಿ ಹೆಚ್ಚಿದಷ್ಟೂ ರೋಗಿಯ ವಿವರ ಒಬ್ಬರಿಂದ ಒಬ್ಬರಿಗೆ ದಾಟುವಾಗ ಬಿಟ್ಟುಹೋಗುವ ಭಯ.

ಭಾರತದಲ್ಲೂ 1992ರಲ್ಲಿ ಕೇಂದ್ರ ಸರ್ಕಾರ ರೆಸಿಡೆಂಟ್ ವೈದ್ಯರ ಸತತ ಕರ್ತವ್ಯ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದು ಸೂಚಿಸಿತು. ಆದರೆ 36 ಗಂಟೆ ದುಡಿದೆವು ಎನ್ನುವ ಕಿರಿಯ ವೈದ್ಯರು ಇಂದಿಗೂ ಇದ್ದಾರೆ. ಪಾಪ, ಕಣ್ಣು ಎಳೆಯುವ ಹೊತ್ತಿನಲ್ಲೇ ಅವರು ನಮ್ಮವರಿಗೆ ಔಷಧಿ ಬರೆಯಬೇಕು.

ಹಾಗೆಂದು ಬೆಳಗಾಗಲಿ ಎಂದು ಮನೆಯಲ್ಲಿ ಕಾಯುವುದು ಇನ್ನೂ ಅಪಾಯ. ತಕ್ಷಣ ಹೊರಡಿ. ರೋಗಿ ನುಂಗುತ್ತಿರುವ ಮಾತ್ರೆಗಳ ಚೀಟಿ, ಖಾಲಿ ಶೀಟುಗಳನ್ನೂ ಜೊತೆಗೆ ಒಯ್ಯಿರಿ. ಪಾಳಿ ಬದಲಾದರೆ ಹೊಸದಾಗಿ ಬಂದವರಿಗೂ ಅದನ್ನೇ ಇನ್ನೊಮ್ಮೆ ತೋರಿಸಿ. ಎಷ್ಟು ಸಲ ಹೇಳುವುದೆಂದು ಸಂಕೋಚ ಬೇಡ. ಪಾಳಿಯನ್ನು ಸರಿಪಡಿಸಬೇಕಾದ್ದು ಸರ್ಕಾರ. ರಾತ್ರಿ ಎಷ್ಟು ಜನ ವೈದ್ಯರಿರುತ್ತಾರೆ ಎಂದು ಕೇಳಬೇಕಾದವರು ನಾವು.