ಗೆಳೆಯರ ನಡುವಿನ ಮೂರನೆಯವರು

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಮೂವತ್ತು ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಬಸ್ಸು ಹತ್ತಿದರೆ ಒಂದು ಗಂಟೆಯ ಹಾದಿ. ಆದರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಇಬ್ಬರು ಗೆಳೆಯರಲ್ಲಿ ಒಬ್ಬ ಅರಕಲಗೂಡಿನ ಹೊಲಕ್ಕೂ ಇನ್ನೊಬ್ಬ ಚನ್ನರಾಯಪಟ್ಟಣದ ಅಂಗಡಿಗೂ ಸೇರಿಕೊಂಡರೆ ಮುಗಿಯಿತು. ಜಾತ್ರೆಯಲ್ಲೋ ಮದುವೆಮನೆಯಲ್ಲೋ ವರ್ಷಕ್ಕೊಮ್ಮೆ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಮದುವೆಯಾಗಿ ಬೇರೆ ಊರು ಸೇರಿದ ಗೆಳತಿಯರಿಗೆ ಅದೂ ಕಷ್ಟವಾಗಿತ್ತು. ಈ ಒಂದು ಗಂಟೆಯ ದೂರವನ್ನು ದಾಟಲು ಮನುಷ್ಯನ ಮಾತು ಮೂರು ಶತಮಾನಗಳಿಂದ ನಾನಾ ಸಾಧನಗಳನ್ನು ಏರಿದೆ.

ಈ ಸಾಧನಗಳಿಂದ ಸ್ನೇಹ ಗಾಢವಾಗುತ್ತದೆಯೇ, ತೆಳುವಾಗುತ್ತದೆಯೇ ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ವೇಗದ ಸುತ್ತಲೇ ತಿರುಗುತ್ತದೆ. ಆದರೆ ಇತಿಹಾಸವನ್ನು ನೋಡಿದರೆ ವೇಗಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಕಾಣುತ್ತದೆ. ಇಬ್ಬರು ಗೆಳೆಯರು ಮಾತನಾಡುವಾಗ ನಡುವೆ ನಿಂತು ಕೇಳುವ ಮೂರನೆಯವರು ಯಾರು ಎಂಬುದೇ ಆ ಸಂಗತಿ.

ಅಂಚೆಯವನೇ ಗೂಢಚಾರ

ಮೈಸೂರು ಸಂಸ್ಥಾನದ ಅಂಚೆ ವ್ಯವಸ್ಥೆ ಆರಂಭವಾದದ್ದು 1672ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಅದು ಕೇವಲ ಪತ್ರ ಮುಟ್ಟಿಸುವ ಏರ್ಪಾಡಾಗಿರಲಿಲ್ಲ. ಅಂಚೆಯ ಅಧಿಕಾರಿಗಳು ಅರಮನೆಯ ನಂಬಿಕೆಯ ಜನ. ಅವರ ಕೈಕೆಳಗಿನವರು ತಮ್ಮ ತಮ್ಮ ಸೀಮೆಯಲ್ಲಿ ನಡೆಯುವುದನ್ನೆಲ್ಲ ಗುಟ್ಟಾಗಿ ವರದಿ ಮಾಡಬೇಕಿತ್ತು. ಹೈದರಾಲಿಯ ಆಳ್ವಿಕೆಯಲ್ಲಿ ಈ ಪದ್ಧತಿ ಇನ್ನಷ್ಟು ಬಿಗಿಯಾಯಿತು. ಸುದ್ದಿಯನ್ನು ಒಯ್ಯುವವನೇ ಸುದ್ದಿಯನ್ನು ಕದಿಯುವವನೂ ಆಗಿದ್ದ. ಅಂಥ ಅಂಚೆಯಲ್ಲಿ ಮನಸ್ಸು ಬಿಚ್ಚಿ ಬರೆಯುವ ಧೈರ್ಯ ಯಾರಿಗೆ ಬಂದೀತು? 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು.

ತೆರೆದ ಕಾರ್ಡು, ಮಡಿಸಿದ ಕಾಗದ

ಅದಕ್ಕೆ ಹತ್ತು ವರ್ಷ ಮೊದಲು, 1879ರ ಜುಲೈ 1ರಂದು, ಬ್ರಿಟಿಷ್ ಭಾರತದಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂದಿತ್ತು. ಬಡವನೂ ಬರೆಯಬಹುದಾದ ಪತ್ರ ಅದು. ಆದರೆ ಕಾರ್ಡಿಗೆ ಮುಚ್ಚಳವಿಲ್ಲ. ಅಂಚೆಯವನು ಓದಬಹುದು, ಜಗಲಿಯ ಮೇಲೆ ಕೂತ ನೆಂಟರು ಓದಬಹುದು. 'ಉಭಯ ಕುಶಲೋಪರಿ ಸಾಂಪ್ರತ' ಎಂದು ಶುರುವಾಗಿ ಮಳೆ, ಬೆಳೆ, ಮಕ್ಕಳ ಆರೋಗ್ಯದಲ್ಲಿ ಮುಗಿಯುವ ಒಕ್ಕಣೆ ಬರೀ ಸಂಪ್ರದಾಯದಿಂದ ಬಂದದ್ದಲ್ಲ. ಎಲ್ಲರೂ ಓದುವ ಕಡೆ ಎಲ್ಲರಿಗೂ ಸಲ್ಲುವಂಥ ಮಾತನ್ನೇ ಬರೆಯಬೇಕಾಗುತ್ತದೆ. ಸಾಲದ ಸಂಕಟ, ಅತ್ತೆ ಮನೆಯ ಕಣ್ಣೀರು ಕಾರ್ಡಿನ ಮೇಲೆ ಬರುವಂತಿರಲಿಲ್ಲ.

ಬರೆಯುವವರಾದರೂ ಎಷ್ಟು ಮಂದಿ? 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ, ಹೆಂಗಸರಲ್ಲಿ ನೂರಕ್ಕೆ ಸುಮಾರು 9. ಉಳಿದವರ ಪಾಲಿಗೆ ಪತ್ರವೆಂದರೆ ಶಾಲೆಯ ಮೇಷ್ಟರೋ ಶಾನುಭೋಗರೋ ಬರೆದುಕೊಟ್ಟದ್ದು, ಅಂಚೆಯವನು ಓದಿ ಹೇಳಿದ್ದು. ಗೆಳತಿಗೆ ಹೇಳಬೇಕಾದುದನ್ನು ಮೇಷ್ಟರ ಎದುರು ಹೇಳುವಾಗ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತಿತ್ತು. 1950ರ ಅಕ್ಟೋಬರ್ 2ರಂದು ಬಂದ ಇನ್‌ಲ್ಯಾಂಡ್ ಲೆಟರ್ ಮಡಿಸಿ ಅಂಟಿಸುವ ಕಾಗದ. ಅಕ್ಷರ ಬಲ್ಲವರಿಗೆ ಅದು ಅಗ್ಗದ ದರದಲ್ಲಿ ಸಿಕ್ಕ ಏಕಾಂತ. ಅಂಟಿಸುವ ಅಂಚಿನಲ್ಲೂ ಸಣ್ಣ ಅಕ್ಷರದಲ್ಲಿ ತುಂಬಿಸಿ ಬರೆದ ಕಾಗದಗಳನ್ನು ಟ್ರಂಕಿನ ತಳದಲ್ಲಿ ಜೋಪಾನ ಮಾಡಿಟ್ಟುಕೊಂಡವರು ಇಂದಿಗೂ ಇದ್ದಾರೆ.

ತಂತ್ರಜ್ಞಾನ ಗೆಳೆಯರನ್ನು ಹತ್ತಿರ ತರುವುದಷ್ಟೇ ಅಲ್ಲ, ದೂರವೂ ಮಾಡುತ್ತದೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಅಕ್ಕಪಕ್ಕದ ಮನೆಯವರು ಬೇರೆ ಬೇರೆ ದಿಕ್ಕಿಗೆ ಚದುರಿದರು. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅದರ ಸುತ್ತ ಒಂದು ಕಾಲದಲ್ಲಿ ನೆರೆಹೊರೆಯೊಂದು ಇತ್ತು ಎಂಬುದು ಅವರಿಗೆ ಹೊಳೆಯುವುದು ಕಡಿಮೆ.

ಮೂರು ನಿಮಿಷದ ಲೆಕ್ಕ

ಟೆಲಿಫೋನು ದನಿಯನ್ನು ತಂದಿತು, ಜೊತೆಗೆ ಹೊಸ ಮೂರನೆಯವರನ್ನೂ ತಂದಿತು. ಪರಸ್ಥಳಕ್ಕೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ಅವಸರ ಹೆಚ್ಚಿದಷ್ಟೂ ಹಣ ಹೆಚ್ಚು. ಮೂರು ನಿಮಿಷವಾದೊಡನೆ ಆಪರೇಟರ್ ದನಿ ನಡುವೆ ತೂರಿಬರುತ್ತಿತ್ತು. ಇಂಥ ಕರೆಯಲ್ಲಿ ಸಾವು, ಹೆರಿಗೆ, ವ್ಯಾಪಾರದ ಸುದ್ದಿ ಹೇಳಬಹುದು. 'ಯಾಕೋ ಮನಸ್ಸು ಸರಿಯಿಲ್ಲ ಕಣೋ' ಎಂದು ಹೇಳುವುದು ಸಾಧ್ಯವಿರಲಿಲ್ಲ. ತಂತಿಯ ಪಾಡು ಇನ್ನೂ ಬೇರೆ. ಮನೆ ಬಾಗಿಲಿಗೆ ತಂತಿ ಬಂದರೆ ಒಡೆಯುವ ಮೊದಲೇ ಅಳು ಶುರುವಾಗುತ್ತಿತ್ತು. ಪದಕ್ಕಿಷ್ಟು ಎಂದು ಹಣ ತೆರಬೇಕಾದ ಕಡೆ ಸ್ನೇಹಕ್ಕೆ ಜಾಗ ಕಡಿಮೆ. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು.

ಆಪರೇಟರನ್ನು ನಡುವಿನಿಂದ ತೆಗೆದದ್ದು ಎಸ್.ಟಿ.ಡಿ. ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರದ ನಡುವೆ. ಅದು ಸಣ್ಣ ಊರುಗಳನ್ನು ಮುಟ್ಟಲು ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಸ್ಯಾಮ್ ಪಿತ್ರೋಡಾ ಅವರ ಪ್ರಯತ್ನದಿಂದ 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಹವಾನಿಯಂತ್ರಣವಿಲ್ಲದೆ ಬಿಸಿಲು ದೂಳಿನಲ್ಲೂ ಕೆಲಸ ಮಾಡುವ 128 ಲೈನುಗಳ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅದರ ಮೊದಲ ಸ್ಥಾಪನೆ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಆಯಿತು. ಮುಂದೆ ಬಸ್ ನಿಲ್ದಾಣದ ಎದುರು, ಔಷಧದ ಅಂಗಡಿಯ ಪಕ್ಕದಲ್ಲಿ ಹಳದಿ ಬೋರ್ಡಿನ ಬೂತುಗಳು ಎದ್ದವು. ರಾತ್ರಿ ಹನ್ನೊಂದರ ನಂತರ ಕಾಲು ದರ. ಆ ಹೊತ್ತಿಗಾಗಿ ಕಾದು, ಗಾಜಿನ ಬಾಗಿಲು ಎಳೆದುಕೊಂಡು, ಏರುತ್ತಿದ್ದ ಕೆಂಪು ಅಂಕಿಗಳ ಮೇಲೆ ಕಣ್ಣಿಟ್ಟು ಮಾತನಾಡಿದವರು ಎಷ್ಟೋ ಮಂದಿ. ಬೂತಿನವನಿಗೆ ಕೊಟ್ಟ ದುಡ್ಡು ಕಾಣುತ್ತಿತ್ತು, ಆಡಿದ ಮಾತು ಕೇಳುತ್ತಿರಲಿಲ್ಲ.

ಹಾಸನ ಕಾಯುವ ಆಕಾಶ

ಈ ಕಥೆಯಲ್ಲಿ ಹಾಸನಕ್ಕೆ ಒಂದು ವಿಶೇಷ ಸ್ಥಾನವಿದೆ. ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ, ಊರಿನವರ ಬಾಯಲ್ಲಿ ಎಂ.ಸಿ.ಎಫ್., ಇಲ್ಲಿ ಆರಂಭವಾದದ್ದು 1982ರಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿಸಿದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರ ಆಗಸ್ಟ್ 30ರಂದು ಹೊರಟ ಇನ್ಸಾಟ್-1ಬಿ ಕೂಡ ಸೌರಫಲಕ ಪೂರ್ತಿ ಬಿಚ್ಚಿಕೊಳ್ಳದೆ ಆತಂಕ ತಂದಿತ್ತು. ಸೆಪ್ಟೆಂಬರ್ ಮಧ್ಯದ ವೇಳೆಗೆ ಅದು ಬಿಚ್ಚಿಕೊಂಡಿತು. ಅಂಡಮಾನ್, ಲಕ್ಷದ್ವೀಪ, ಈಶಾನ್ಯದ ಗುಡ್ಡಗಾಡುಗಳಂಥ ಎಡೆಗಳಿಗೆ ದೂರವಾಣಿ ಸಂಪರ್ಕ ಸಿಕ್ಕಲು ಇನ್ಸಾಟ್ ಉಪಗ್ರಹಗಳು ನೆರವಾದವು.

ಹಾಸನದಿಂದ ಅರಕಲಗೂಡಿಗೆ ಮಾಡುವ ಕರೆಗೆ ಉಪಗ್ರಹ ಬೇಕಿಲ್ಲ. ನೆಲದ ಸಂಪರ್ಕವೇ ಸಾಕು. ಆದರೆ ಸೈನ್ಯ ಸೇರಿ ದೂರದ ಗಡಿಗೆ ಹೋದ ಗೆಳೆಯನ ಮಾತು ಅಷ್ಟು ಎತ್ತರ ಏರಿ ಇಳಿಯಬೇಕಾಗಬಹುದು. ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಹೋಗಿ ಬರುವಷ್ಟರಲ್ಲಿ ಮಾತು ಕಾಲು ಸೆಕೆಂಡು ತಡವಾಗುತ್ತದೆ. ಉತ್ತರ ಕಿವಿಗೆ ಬೀಳಲು ಇನ್ನೊಂದು ಕಾಲು ಸೆಕೆಂಡು. ಹಾಗಾಗಿ ಇಬ್ಬರ ಮಾತೂ ಒಂದರ ಮೇಲೊಂದು ಬೀಳದಂತೆ, ಒಬ್ಬರು ಮುಗಿಸುವ ತನಕ ಇನ್ನೊಬ್ಬರು ತಡೆಯಬೇಕು.

ಕೈಯಲ್ಲೇ ಬಂದ ಏಕಾಂತ

1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಆರಂಭದಲ್ಲಿ ಬಂದ ಕರೆಗೂ ಹಣ ತೆರಬೇಕಿತ್ತು. 2003ರಲ್ಲಿ ಅದು ತಪ್ಪಿದ ಮೇಲೆಯೇ ಮೊಬೈಲು ಹಳ್ಳಿಗೆ ಇಳಿದದ್ದು. ಈಗ ಆಪರೇಟರ್ ಇಲ್ಲ, ಬೂತಿನವನಿಲ್ಲ, ಅಂಚೆಯವನೂ ಬೇಕಿಲ್ಲ. ಹಾಗಿದ್ದರೆ ಸ್ನೇಹ ಗಾಢವಾಗಲೇಬೇಕಲ್ಲ?

ಉತ್ತರ ಅಷ್ಟು ಸುಲಭವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಅದರೊಂದಿಗೆ ನಂಟಿರುವ ಸಾವುಗಳು ವರ್ಷಕ್ಕೆ 8,71,000. ಸಾಧನಗಳಿಗೆ ಕೊರತೆಯಿಲ್ಲದ ಕಾಲದಲ್ಲೂ ಈ ಲೆಕ್ಕ. ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ನೂರು ಜನ ಸೇರಿರುತ್ತಾರೆ. ದಿನವೂ ಶುಭೋದಯದ ಹೂವು, ಹುಟ್ಟುಹಬ್ಬದ ಹಾರೈಕೆ. ಅದು ಪೋಸ್ಟ್ ಕಾರ್ಡೇ ಮರಳಿ ಬಂದಂತೆ. ತೊಂಬತ್ತೆಂಟು ಮಂದಿ ಓದುವ ಕಡೆ ಮನಸ್ಸಿನ ಮಾತು ಬರುವುದಿಲ್ಲ.

ಅಮೆರಿಕದ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರ ಅಧ್ಯಯನವೊಂದು ಇಲ್ಲಿ ಉಲ್ಲೇಖನೀಯ. ಬಹುಕಾಲ ಬಿಟ್ಟುಹೋದ ಗೆಳೆಯರನ್ನು ಮತ್ತೆ ಮಾತನಾಡಿಸಲು ಕೆಲವರಿಗೆ ಫೋನು, ಕೆಲವರಿಗೆ ಇಮೇಲು ಗೊತ್ತುಮಾಡಲಾಯಿತು. ಫೋನಿನಲ್ಲಿ ಮುಜುಗರವಾದೀತು ಎಂದೇ ಜನ ಅಂಜಿದ್ದರು. ಆದದ್ದು ಬೇರೆ. ದನಿ ಕೇಳಿದವರಲ್ಲಿ ಆತ್ಮೀಯತೆ ಹೆಚ್ಚಿತ್ತು, ಮುಜುಗರವೇನೂ ಹೆಚ್ಚಿರಲಿಲ್ಲ. ಅಪರಿಚಿತರ ಮೇಲೆ ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ಮುಖ ಕಾಣುವ ವಿಡಿಯೋ ಕೂಡ ಬರೀ ದನಿಗಿಂತ ಹೆಚ್ಚಿನ ಸಾಮೀಪ್ಯವನ್ನು ತರಲಿಲ್ಲ.

ಈ ಮೂರು ಶತಮಾನಗಳಲ್ಲಿ ನಿಜವಾಗಿ ಹೊಸತು ಯಾವುದು ಎಂದು ಕೇಳಿದರೆ, ಅಕ್ಷರ ಬಾರದವರ ಕೈಗೆ ಬಂದಿರುವ ದನಿ ಸಂದೇಶವನ್ನು ತೋರಿಸಬೇಕು. ಮೇಷ್ಟರಿಗೆ ಹೇಳಿ ಬರೆಸಬೇಕಿಲ್ಲ, ಅಂಚೆಯವನಿಂದ ಓದಿಸಬೇಕಿಲ್ಲ. ವಾಟ್ಸ್‌ಆ್ಯಪ್ ಸಂದೇಶಗಳಿಗೆ 2016ರಿಂದ ಪೂರ್ಣ ಗೂಢಲಿಪಿಯ ರಕ್ಷಣೆಯಿದೆ. ಒಳಗಿನ ಮಾತನ್ನು ನಡುವಿನವರು ಓದಲಾಗದು. ಆದರೆ ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಎಂಬ ಲೆಕ್ಕ ಕಂಪನಿಗೆ ತಿಳಿಯಬಲ್ಲದು. ಚಿಕ್ಕದೇವರಾಜರ ಅಂಚೆಯ ನೆರಳು ಪೂರ್ತಿ ಸರಿದಿಲ್ಲ.

ಇನ್ನುಳಿದ ಮೂರನೆಯವನೆಂದರೆ ಫೋನು ಒತ್ತಿಕೊಡುವ ಮೊಮ್ಮಗ. ಹೊಳೆನರಸೀಪುರದ ಅಜ್ಜಿಯೊಬ್ಬಳು ಅರಕಲಗೂಡಿನ ಬಾಲ್ಯದ ಗೆಳತಿಗೆ 'ಏನೇ, ಚೆನ್ನಾಗಿದೀಯೇನೇ' ಎಂದು ಶುರುಮಾಡುವುದನ್ನು ಅವನು ಕೇಳುತ್ತಾನೆ. ಅಜ್ಜಿಗೆ ಆ ಗುಂಡಿ ಯಾವುದೆಂದು ಅವನು ಒಮ್ಮೆ ತಾಳ್ಮೆಯಿಂದ ಕಲಿಸಿಕೊಟ್ಟು ಅಂಗಳಕ್ಕೆ ಹೋದರೆ, ಅರವತ್ತು ವರ್ಷ ಗಂಟಲಲ್ಲಿ ಉಳಿದ ಅರ್ಧ ಮಾತನ್ನೂ ಆಕೆ ಹೇಳಿಯಾಳು.